ತಗ್ಗಿನ ಕಿಟಕಿ

ಜೂನ್ 11, ಮಂಗಳವಾರ

ಬೆಳಗ್ಗೆ ವ್ಯಾಪಾರಕ್ಕೆ ಗಂಡಸಿಗೆ ಹೋಗಿದ್ದೆ. ಚಿಕ್ಕಣ್ಣನ ತೋಟದ ತೆಂಗಿನಕಾಯಿ. ಒಳ್ಳೆಯ ಕಾಯಿ, ನೋಡಿದ ಕೂಡಲೇ ಗೊತ್ತಾಯಿತು. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಮುಖ ಸಿಂಡರಿಸಿದೆ. "ಏನ್ ಚಿಕ್ಕಣ್ಣ, ಎಲ್ಲಾ ನುಸಿ ಹೊಡೆದಿರೋವು. ಯಾರು ತಗೋತಾರೆ ಇವನ್ನ?" ಅವನು ಎಂದಿನಂತೆ ರೇಗಿದ. ನಾನು ಎಂದಿನಂತೆ ಬೈಕ್ ಸ್ಟಾರ್ಟ್ ಮಾಡಿದೆ. ಅವನು ಕರೆದ. ವ್ಯಾಪಾರ ಮುಗಿದು ಇಬ್ಬರೂ ಟೀ ಕುಡಿದೆವು. ಅಪ್ಪ ಕಲಿಸಿದ್ದೇ ಇಷ್ಟು — ಬೇಕು ಅನ್ನುವುದು ಮುಖದಲ್ಲಿ ಕಾಣಬಾರದು.

ಸಂಜೆ ಉಷಾಳದು ಮತ್ತೆ ಮನೆಯ ಮಾತು. ಭಾನುವಾರ ನಂಜುಂಡಯ್ಯ ಮೇಷ್ಟ್ರ ಮನೆ ನೋಡಲು ಹೋಗಬೇಕು. ಮದುವೆಯಾದಾಗಿನಿಂದ ಬಾಡಿಗೆ ಮನೆ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮೇಲಿನ ಓನರನ್ನು ಕೇಳಬೇಕು. ತವರಿನವರು ಕೊಟ್ಟ ಹಿತ್ತಾಳೆಯ ದೀಪದ ಕಂಬ ಸ್ವಂತ ಮನೆಗೇ ಅಂತ ಅಟ್ಟದ ಮೇಲಿತ್ತು. ಇವತ್ತು ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಾಳೆ. "ದುಡ್ಡು ರೆಡಿ ಮಾಡಿದ್ದಾಯ್ತಲ್ಲ, ಇನ್ನು ಮನಸ್ಸು ರೆಡಿ ಮಾಡ್ಕೊಳ್ರೀ" ಅಂದಳು. ಮನಸ್ಸಿಗೇನು ರೆಡಿ ಮಾಡುವುದು? ನಕ್ಕುಬಿಟ್ಟೆ.

ಜೂನ್ 16, ಭಾನುವಾರ

ಬರೆಯಲೂ ನಾಚಿಕೆ.

ಮನೆ ಚೆನ್ನಾಗಿದೆ. ಹೊಸ್ತಿಲು ದಾಟುವಾಗಲೇ ಇದೇ ನಮ್ಮದು ಅನ್ನಿಸಿತು. ಹಾಗನ್ನಿಸಿದ್ದೇ ತಡ, ಬಾಯಿ ತನ್ನ ಕೆಲಸ ಶುರು ಮಾಡಿತು. ಗೋಡೆ ತಟ್ಟಿದೆ, ಕಾಯಿ ತಟ್ಟಿದ ಹಾಗೇ. ಟೊಳ್ಳು ಅಂದೆ. ಅಡುಗೆಮನೆ ಕತ್ತಲು ಅಂದೆ. ತೇವ ಇರುವ ಹಾಗಿದೆ ಅಂದೆ. ತೇವ ಎಲ್ಲೂ ಇರಲಿಲ್ಲ. ಮೇಷ್ಟ್ರು ಹಳೇಬೀಡಿನಲ್ಲಿರುವ ತಮ್ಮನ ಹತ್ತಿರ ಹೋಗಲೆಂದು ಮನೆ ಮಾರುತ್ತಿದ್ದಾರೆ. ಸಾಧು ಮನುಷ್ಯ, ಎಲ್ಲಕ್ಕೂ ತಲೆಯಾಡಿಸಿದರು. ಅವರ ಹೆಂಡತಿ ಕಮಲಾಕ್ಷಮ್ಮ ಕಾಫಿ ತಂದರು.

ಹಾಲ್‌ನಲ್ಲಿ ರಸ್ತೆಯ ಕಡೆಗೆ ಒಂದು ಕಿಟಕಿ. ನೆಲದಿಂದ ಗೇಣುದ್ದ ಮೇಲೆ, ಅಷ್ಟೇ. "ಇದ್ಯಾವ ಮೇಸ್ತ್ರಿ ಇಟ್ಟಿದ್ದು? ಅವನಿಗೆ ಬುದ್ಧಿ ಇರ್ಲಿಲ್ವಾ?" ಅಂದೆ.

"ನಾನೇ ಇಡ್ಸಿದ್ದು ಕಣಪ್ಪ" ಅಂದರು ಕಮಲಾಕ್ಷಮ್ಮ. "ನಮ್ ಮಗಳು ಹೇಮಾಶ್ರೀಗೆ ನಿಲ್ಲಕ್ ಆಗ್ತಿರ್ಲಿಲ್ಲ. ಕೂತ್ಕಂಡೇ ಬೀದಿ ನೋಡ್ಲಿ ಅಂತ. ಇರೋವರ್ಗೂ ಅಲ್ಲೇ ಕೂತಿರೋಳು."

ಆಗಲಾದರೂ ಬಾಯಿ ಮುಚ್ಚಬೇಕಿತ್ತು. "ಹಂಗಾದ್ರೆ ಅದನ್ನ ಒಡೆಸಿ ಮೇಲಕ್ಕೆ ಇಡ್ಸೋ ಖರ್ಚು ರೇಟಲ್ಲಿ ಕಳೀಬೇಕಾಗ್ತದೆ" ಅಂದೆ.

ನಾನೇ ಅಂದದ್ದು. ಇನ್ಯಾರೂ ಅಲ್ಲ.

ಕಮಲಾಕ್ಷಮ್ಮ ನನ್ನ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ನಾನಿನ್ನೂ ಕುಡಿದಿರಲಿಲ್ಲ.

ಬರುವಾಗ ಉಷಾ ಹೆಗಲ ಮೇಲೆ ಕೈ ಇಡಲಿಲ್ಲ. ಬೈಕಿನ ಹಿಂದಿನ ಕಂಬಿ ಹಿಡಿದುಕೊಂಡು ಕೂತಿದ್ದಳು.

ಜೂನ್ 18

ಬ್ರೋಕರ್ ಕೃಷ್ಣಪ್ಪನ ಫೋನ್. "ಅಮ್ಮಾರು ಬಾಳ ನೊಂದ್ಕಂಡವ್ರೆ ಸಾವ್ಕಾರ್ರೆ. ಹೋಗಿ ಒಂದ್ ಒಳ್ಳೆ ಮಾತಾಡ್ಬುಟ್ಟು ಬನ್ನಿ. ಮನೆ ನಿಮ್ಗೇ ಆಯ್ತದೆ. ಬ್ಯಾರೆಯೋರೂ ನೋಡ್ಕಂಡ್ ಹೋಗವ್ರೆ, ತಡ ಮಾಡ್ಬ್ಯಾಡಿ." ನಾಳೆ ಹೋಗುತ್ತೇನೆ ಅಂದೆ. ಉಷಾಗೂ ಹಾಗೇ ಹೇಳಿದೆ. ನಾಳೆ ಖಂಡಿತ.

ಜೂನ್ 27, ಗುರುವಾರ

ಹೋಗಲಿಲ್ಲ. ಒಮ್ಮೆ ಅವರ ಬೀದಿಯ ತಿರುವಿನವರೆಗೆ ಹೋಗಿದ್ದೆ. ಕಿಟಕಿ ಕಂಡಿತು. ಗಾಡಿ ತಿರುಗಿಸಿದೆ. ಉಷಾಗೆ ಜಾವಗಲ್‌ನಲ್ಲಿ ಲೋಡ್ ಇತ್ತು ಅಂದೆ… ಇರಲಿಲ್ಲ.

ಏನಂತ ಹೇಳುವುದು? ಚೆನ್ನಾಗಿದೆ ಅನ್ನುವ ಮಾತು ನನ್ನ ಬಾಯಲ್ಲಿ ಬಂದದ್ದು ಯಾವಾಗ? ಹೆಂಡತಿಯ ಅಡುಗೆಗೂ ಉಪ್ಪು ಕಡಿಮೆ ಅಂದೇ ಊಟ ಮಾಡುವವನು ನಾನು. ಅವಳು ಹೇಳಿದ್ದು ಈಗ ಅರ್ಥವಾಗುತ್ತಿದೆ. ದುಡ್ಡು ಕೂಡಿಸಿಟ್ಟೆ. ಮನಸ್ಸನ್ನು ಕಾಯಿ ಮಂಡಿಯಲ್ಲೇ ಬಿಟ್ಟು ಬಂದಿದ್ದೆ.

ಜುಲೈ 2, ಮಂಗಳವಾರ

ಅಭ್ಯಾಸವಾಗಲಿ ಅಂತ ಚಿಕ್ಕಣ್ಣನ ಹತ್ತಿರ ಶುರು ಮಾಡಿದೆ. ಕಾಯಿ ಹಿಡಿದು, "ಚೆನ್ನಾಗವೆ ಕಣೋ ಚಿಕ್ಕಣ್ಣ" ಅಂದೆ. ಅವನು ಗಾಬರಿಯಾದ. "ಯಾಕ್ ಸಾವ್ಕಾರ್ರೆ, ಮೈಯಾಗ್ ಉಸಾರಿಲ್ವಾ?" ಅಂದ. ಆಮೇಲೆ ಯೋಚನೆ ಮಾಡಿ, ರೇಟು ಏರಿರಬೇಕು, ಇವತ್ತು ಕೊಡಲ್ಲ ಅಂದುಬಿಟ್ಟ. ಖಾಲಿ ಗಾಡಿ ವಾಪಸ್. ಉಷಾಗೆ ಹೇಳಿದೆ. ಎಷ್ಟೋ ದಿನಕ್ಕೆ ನಕ್ಕಳು.

ಆ ಮನೆಗೆ ಈ ಭಾನುವಾರ ಹೋಗುವುದೇ. ಶನಿವಾರದಿಂದ ಆಷಾಢ. ಆಷಾಢದಲ್ಲಿ ಯಾರೂ ಮನೆಯ ಮಾತು ಮುಗಿಸುವುದಿಲ್ಲ, ಪೈಪೋಟಿ ಇರುವುದಿಲ್ಲ. ಸಮಾಧಾನವಾಗಿ ಮಾತಾಡಬಹುದು.

ಜುಲೈ 7, ಭಾನುವಾರ, ಸಂಜೆ

ಉಷಾ ಗೇಟಿನ ಹತ್ತಿರವೇ ನಿಂತಳು. "ನೀವೊಬ್ರೇ ಹೋಗಿ. ನಾನಿದ್ರೆ ನಿಮ್ಗೆ ಬಾಯಿ ಬರಲ್ಲ."

ಕುರ್ಚಿಗಳನ್ನೆಲ್ಲ ಮೂಲೆಗೆ ಪೇರಿಸಿದ್ದರು. ಕಮಲಾಕ್ಷಮ್ಮ ಚಾಪೆ ಹಾಸಿದರು, ಆ ಕಿಟಕಿಯ ಪಕ್ಕದಲ್ಲೇ. ಕೂತೆ. ಕೂತಾಗ ರಸ್ತೆಯೆಲ್ಲ ಕಂಡಿತು. ಸೈಕಲ್, ಸೊಪ್ಪಿನ ಗಾಡಿ, ಎದುರು ಮನೆಯ ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುವ ಹೆಂಗಸರು. ಎಲ್ಲರೂ ಹತ್ತಿರದವರ ಹಾಗೆ ಕಂಡರು.

ಹೇಳಿದೆ. ತಪ್ಪಾಯ್ತಮ್ಮ ಅಂದೆ. "ಮನೆ ಬಾಳ ಚೆನ್ನಾಗೈತೆ. ನೋಡಿದ ದಿನವೇ ಆಸೆ ಆಗಿತ್ತು, ಅದಕ್ಕೇ ಹಂಗೆಲ್ಲಾ ಅಂದೆ. ಈ ಕಿಟಕಿ ಹಿಂಗೇ ಇರ್ಲಿ."

ಅವರು ಚಾಪೆಯ ಅಂಚಿಗೆ ಕೂತರು. "ಈ ಮಾತು ಒಂದ್ ವಾರ ಮುಂಚೆ ಬಂದ್ ಹೇಳಿದ್ರೆ ನಿಮ್ಗೇ ಕೊಡೋಣ ಅಂತಿದ್ವಿ ಕಣಪ್ಪ. ಆಷಾಢ ಹುಟ್ಟೋದ್ರೊಳಗೆ ಮುಗಿಸ್ಬೇಕಂತ ಗುರುವಾರ ಹಗರೆ ಊರಿನೋರ ಜೊತೆ ತಾಂಬೂಲ ಬದಲಾಯಿಸ್ಕಂಡ್ವಿ" ಅಂದರು. ಬೈಯಲಿಲ್ಲ. ಕಾಫಿ ಕೊಟ್ಟರು. ಈ ಸಲ ಪೂರ್ತಿ ಕುಡಿದೆ.

ಕಿಟಕಿಯಿಂದ ಉಷಾ ಕಾಣುತ್ತಿದ್ದಳು. ನಾನು ಕೆಳಗೆ ಕೂತಿರುವುದನ್ನು ನೋಡಿ, ಮಾತು ಸರಿಹೋಯಿತು ಅಂದುಕೊಂಡಿರಬೇಕು. ಕೈ ಎತ್ತಿ ನಕ್ಕಳು.

ಹೊರಗೆ ಬಂದೆ. "ಏನಂದ್ರು ರೀ?"

"ಬಿಡು, ಆ ಮನೆ ಬೇಡ. ಗೋಡೆಗೆ ತೇವ ಐತೆ."

ಮಾತು ಆಡಿ ಮುಗಿದ ಮೇಲೇ ನನಗೆ ಕೇಳಿಸಿದ್ದು.

ಅವಳು ನಂಬಿದಳು. ಬರುವಾಗ ಹೆಗಲ ಮೇಲೆ ಕೈ ಇಟ್ಟಿದ್ದಳು. "ಹೋಗ್ಲಿ ಬಿಡ್ರೀ, ಇನ್ನೊಂದು ನೋಡೋಣ. ನೀವು ಹೋಗಿ ತಪ್ಪಾಯ್ತು ಅಂದ್ರಲ್ಲ, ಅದೇ ದೊಡ್ಡದು" ಅಂದಳು. ಆ ಕೈ ಮನೆ ಬರುವವರೆಗೂ ಅಲ್ಲೇ ಇತ್ತು.

ಈಗ ದೀಪದ ಕಂಬಕ್ಕೆ ಹಳೆಯ ಪೇಪರ್ ಸುತ್ತುತ್ತಿದ್ದಾಳೆ. ಮತ್ತೆ ಅಟ್ಟಕ್ಕೆ. ಸ್ಟೂಲ್ ಹಿಡಿದುಕೊಳ್ಳಿ ಬನ್ನಿ ಅಂತ ಕೂಗುತ್ತಿದ್ದಾಳೆ. ಅವಳು ಹತ್ತುವ ಮೊದಲೇ ನಿಜ ಹೇಳಬೇಕು. ಇಲ್ಲ, ಇಳಿದ ಮೇಲೆ… ಉಷಾ, ಆ ಮನೆಗೆ ತೇವ—