ನಿಂಬೆಹಣ್ಣು ಇಟ್ಟ ಚಪ್ಪಡಿ

ವಾರ್ಡ್ ಎಂಜಿನಿಯರ್ ಅವರಿಗೆ,

ನಮ್ಮ ಮನೆ ಮುಂದಿನ ಫುಟ್‌ಪಾತಿನಲ್ಲಿ ಚರಂಡಿ ಮೇಲಿನ ಚಪ್ಪಡಿ ಒಡೆದಿದೆ. ಅಲ್ಲಿ ಕಾಲು ಸಿಕ್ಕಿ ಬಿದ್ದ ನಮ್ಮ ಯಜಮಾನರು ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಎಚ್ಚರಿಕೆಗೆಂದು ನಾನು ಅಲ್ಲಿ ಕಟ್ಟಿದ ಕೆಂಪು ಬಟ್ಟೆಯನ್ನು ಯಾರೂ ಲೆಕ್ಕಿಸಲಿಲ್ಲ. ಹೂ ಮಾರುವ ಲಕ್ಷ್ಮವ್ವ ಆ ಚಪ್ಪಡಿಯ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣು ಇಟ್ಟು, "ಈಗ ಯಾರು ತುಳೀತಾರ ನೋಡೋಣ್ರಿ ಅಮ್ಮಾ" ಎಂದಳು. ಅಂದಿನಿಂದ ಎಲ್ಲರೂ ಸುತ್ತಿಕೊಂಡು ಹೋಗುತ್ತಾರೆ. ಒಬ್ಬರೂ ಬಿದ್ದಿಲ್ಲ. ನಾನು ಯಾರನ್ನೂ ಸುಮ್ಮನೆ ಹೊಗಳುವವಳಲ್ಲ, ಆದರೆ ಅವಳ ಬುದ್ಧಿಯನ್ನು ಮೆಚ್ಚಲೇಬೇಕು.

ನಿನ್ನೆ ಕಲ್ಲು ಬದಲಿಸಲು ಬಂದ ನಿಮ್ಮ ಕೆಲಸದವರೂ ಆ ಹಣ್ಣನ್ನು ನೋಡಿ ಹೆದರಿ ಹಿಂದಿರುಗಿದರು. ಅದು ಮಾಟವಲ್ಲ, ಲಕ್ಷ್ಮವ್ವ ನಮ್ಮ ಅಡುಗೆಮನೆಯಿಂದಲೇ ಕೇಳಿ ಪಡೆದ ಹಣ್ಣು. ಅವರು ಹೊಸ ಕಲ್ಲು ತಂದಾಗ ಅದನ್ನು ನಾನೇ ಕೈಯಾರೆ ತೆಗೆಯುತ್ತೇನೆ. ಅಲ್ಲಿಯವರೆಗೆ ಹಣ್ಣು ಕದಲುವುದಿಲ್ಲ.

ಇಂತಿ,
ಶಶಿಕಲಾ ಅಂಜಿನಯ್ಯ
ಹೊಸಹಳ್ಳಿ