ಒಳಜೇಬಿನ ತೂಕ

ಮಾರ್ಚ್ 3, ಬೆಳಿಗ್ಗೆ

ಈ ಊರಿನಲ್ಲಿ ನನ್ನಷ್ಟು ಗಟ್ಟಿಮುಟ್ಟಾದ ಗಂಡಸು ಇನ್ನೊಬ್ಬನಿಲ್ಲ. ನನ್ನ ನಾಡಿ ಹಿಡಿದೇ ದೊಡ್ಡ ದೊಡ್ಡ ಡಾಕ್ಟರುಗಳು ಕಸುಬು ಕಲಿತದ್ದು. ಆದರೂ ತಿಂಗಳಿಗೊಮ್ಮೆ ಕ್ಲಿನಿಕ್ಕು — ತಂಗಿಯ ಮಗಳ ಹಟ. ಇಂದೂ ಹೋದೆ. ಕೋಟಿನ ಒಳಜೇಬುಗಳಲ್ಲಿ ನಮ್ಮ ಗುಜರಿ ಅಂಗಡಿಯ ಕಬ್ಬಿಣದ ತೂಕದ ಕಲ್ಲುಗಳು. ಹುಟ್ಟಿದಾಗಿನಿಂದ ತಕ್ಕಡಿ ಹಿಡಿದವನಿಗೆ ಅವರ ಮಷೀನು ಯಾವ ಲೆಕ್ಕ. "ಎರಡು ಕಿಲೋ ಇಳಿದಿದೆ, ಪರವಾಗಿಲ್ಲ" ಎಂದರು ಡಾಕ್ಟರು. ಊಟ, ನಿದ್ದೆ ಎಲ್ಲ ರಾಜನ ಹಾಗೆ ಎಂದೆ.

ಮಧ್ಯಾಹ್ನ

ತಟ್ಟೆಯ ಮುಂದೆ ಕುಳಿತೆ. ಅಡುಗೆಮನೆಯಿಂದ ಅವಳ ದನಿ — "ನಾನಿನ್ನೂ ಉಂಡಿಲ್ಲ." ಸಿಟ್ಟಿಲ್ಲ, ಅಳುವಿಲ್ಲ. ಸುಮ್ಮನೆ ಹೇಳುತ್ತಾಳೆ. ಹೆಂಡತಿ ತೀರಿಕೊಂಡದ್ದು ಕಳೆದ ಬೇಸಿಗೆ. ಬದುಕಿದ್ದಾಗ ಒಂದು ದಿನವೂ ಹೀಗೆ ಅಂದವಳಲ್ಲ. ಉಂಡೆಯಾ ಎಂದು ನಾನೂ ಕೇಳಿದವನಲ್ಲ...

ತುತ್ತು ಇಳಿಯಲಿಲ್ಲ.

ಮಾರ್ಚ್ 11

ಮನೆಗೆ ಬಂದು ನೋಡುವ ನರ್ಸಮ್ಮ ಇಂದು ಬಾಗಿಲಲ್ಲೇ ನಿಂತುಬಿಟ್ಟರು.

"ಯಜಮಾನ್ರೇ, ಬೆಲ್ಟಿಗೆ ಇದೇನು ಇಷ್ಟೊಂದು ತೂತು?"

"ಫ್ಯಾಷನ್ನು ಸಿಸ್ಟರ್. ನಿಮಗೆಲ್ಲಿ ಗೊತ್ತಾಗುತ್ತೆ."

ನಗಲಿಲ್ಲ. ಅಲ್ಲಿಂದಲೇ ಡಾಕ್ಟರಿಗೆ ಫೋನು. ಮೊದಲು ಚೆನ್ನಾಗಿತ್ತು. ಕ್ಲಿನಿಕ್ಕಿಗೊಂದು ಸುಳ್ಳು, ನರ್ಸಮ್ಮನಿಗೊಂದು, ತಂಗಿಯ ಮಗಳಿಗೊಂದು — ಅವು ಒಂದಕ್ಕೊಂದು ಮುಖ ನೋಡುತ್ತಿರಲಿಲ್ಲ. ಈಗ ಎಲ್ಲರೂ ಸೇರಿ ನೋಡಿಕೊಳ್ಳುತ್ತಾರಂತೆ. ಗುರುವಾರ ನಮ್ಮ ಮನೆಯಲ್ಲೇ ಮೀಟಿಂಗು.

ಆಸ್ಪತ್ರೆಗೆ ಒಯ್ದರೆ? ಮನೆಗೆ ಬೀಗ. ಒಳಗೆ ಅವಳೊಬ್ಬಳೇ, ಹಸಿದುಕೊಂಡು.

ಮಾರ್ಚ್ 13, ಸಂಜೆ

ಮೂವರೂ ಊಟದ ಮೇಜಿನ ಸುತ್ತ. ನಾನು ಕೋಟಿನಲ್ಲಿ. ಕೂರುವಾಗ ಒಳಜೇಬಿನ ಹೊಲಿಗೆ ಬಿಚ್ಚಿತು. ಎರಡು ಕಿಲೋದ ಕಲ್ಲು ಧಡ್ ಎಂದು ಬಿದ್ದು, ಉರುಳಿ, ಡಾಕ್ಟರ ಬೂಟಿಗೆ ತಾಗಿ ನಿಂತಿತು.

"ಇದನ್ನೂ ಸೇರಿಸಿ ತೂಗಿದ್ನಾ ನಾನು?"

"ತೂಕ ಸರಿಯಾಗೇ ಇದೆ ಡಾಕ್ಟ್ರೇ. ಒಂದು ಗ್ರಾಮೂ ಮೋಸ ಇಲ್ಲ."

"ಮಾವ, ನಿನಗೆ ತಮಾಷೆ" ಎಂದಳು ತಂಗಿಯ ಮಗಳು.

"ಇದೊಂದೇನಾ?" ಎಂದರು ಡಾಕ್ಟರು. ಒಂದೇ ಎಂದೆ. ಉಳಿದವು ಎದೆಗೆ ಒತ್ತುತ್ತಿದ್ದವು.

ನರ್ಸಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು. "ಮಾತ್ರೆ ವಿಷಯ ಆಮೇಲೆ. ನಿಮಗೆ ಏನಾಗಬೇಕು, ಅದನ್ನ ಹೇಳಿ."

ಹೀಗೆ ಯಾರೂ ಕೇಳಿರಲಿಲ್ಲ. ಜಂಭದ ಮಾತು ಒಂದೂ ಬಾಯಿಗೆ ಬರಲಿಲ್ಲ. "ಅವಳು ಮೊದಲು ಉಣ್ಣಬೇಕು" ಎಂದೆ. ದನಿಯ ವಿಷಯವನ್ನೂ ಹೇಳಿದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ತೀರ್ಮಾನ: ಸದ್ಯ ಮನೆಯಲ್ಲೇ. ಸಣ್ಣ ಮಾತ್ರೆ. ಮಧ್ಯಾಹ್ನ ತಂಗಿಯ ಮಗಳು ಬಂದು ಮೊದಲು ಉಣ್ಣುವುದು, ನಾನು ಆಮೇಲೆ. ತೂಕ ತೀರಾ ಇಳಿದಿದ್ದರೆ ಮಾತ್ರ ಆಸ್ಪತ್ರೆ. ಸೋಮವಾರ ನರ್ಸಮ್ಮ ಮಷೀನು ತರುತ್ತಾರೆ. ಬರೀ ಬನಿಯನ್ನಿನಲ್ಲಿ ನಿಲ್ಲಬೇಕು.

ಮಾರ್ಚ್ 17

ಮೂರು ದಿನ ತಂಗಿಯ ಮಗಳು ಎದುರಿಗೇ ಕುಳಿತು ಉಂಡಳು. ಆಮೇಲೆ ನಾನು, ನಾಲ್ಕೈದು ತುತ್ತು. ದನಿ ನಿಂತಿಲ್ಲ. ಮೆಲ್ಲಗಾಗಿದೆ. ಅದಕ್ಕೇ ಹೆಚ್ಚು ಹೆದರಿಕೆ.

ಈಗ ನರ್ಸಮ್ಮ ಬಂದರು. ಮಷೀನಿಟ್ಟು ಬೆನ್ನು ತಿರುಗಿಸಿ ನಿಂತರು. "ನೀವೇ ನೋಡಿ ಹೇಳಿ. ನೀವು ಹೇಳಿದ್ದೇ ಬರ್ಕೋತೀನಿ."

ಇಷ್ಟು ಸುಲಭದ ಸುಳ್ಳು ಜನ್ಮದಲ್ಲಿ ಸಿಕ್ಕಿರಲಿಲ್ಲ. ಬಾಯಿ ತೆರೆದೆ. ಅಡುಗೆಮನೆಯಲ್ಲಿ ಅವಳು ಉಸಿರು ಹಿಡಿದು ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನಿಸಿತು.

ಇದ್ದದ್ದನ್ನೇ ಹೇಳಿಬಿಟ್ಟೆ. ನರ್ಸಮ್ಮ ಅಂಗಳದಲ್ಲಿ ಡಾಕ್ಟರ ಜೊತೆ ಫೋನಿನಲ್ಲಿದ್ದಾರೆ. ಮನೆಯೋ ಆಸ್ಪತ್ರೆಯೋ... ಒಳಗೆ ಹೋಗಿ ಅವಳಿಗೂ ಹೇಳಿ ಬಂದೆ. ಇಳಿದದ್ದು ಎರಡಲ್ಲ ಕಣೇ, ನಾಲ್ಕೂ ಅಲ್ಲ. ಹನ್ನೊಂದು. ಹನ್ನೊಂದು ಕಿಲೋ —