ಹನ್ನೆರಡನೇ ದಿನದ ಮೀಸೆ

ಕರಡಿಗುಂಡು ಬಂಡೆಯ ಬುಡ
ಫೆಬ್ರವರಿ ೩೦, ೨೨೩೧

ಈ ಪೊಟ್ಟಣ ಬಿಚ್ಚಿದವರಿಗೆ,

ತಾರೀಖು ನೋಡಿ ಮುದುಕನಿಗೆ ಮರೆವು ಎನ್ನಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿದ್ದಾರೆ. ಮಿಕ್ಕ ಐದು ದಿನಗಳಿಗೆ ಹೆಸರೇ ಇಲ್ಲ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದ್ದೆ, ಈಗ ‘ದೇರ್‌ಫೋರ್’, ‘ಐ ಬೆಗ್ ಟು ಸ್ಟೇಟ್’ ಇಂಥವಷ್ಟೇ ಉಳಿದಿವೆ. ಐ ಬೆಗ್ ಟು ಸ್ಟೇಟ್, ಇದರಲ್ಲಿರುವುದು ಬರಿಯ ಒಣಮಣ್ಣಲ್ಲ.

ನಮ್ಮ ಬಂಡೆಯ ನೆತ್ತಿಯಲ್ಲಿ ಎಮ್ಮೆ ಮಲಗುವಷ್ಟು ಅಗಲದ ಒಂದು ಹೊಂಡವಿದೆ. ಮಳೆ ಬಿದ್ದರೆ ತುಂಬುತ್ತದೆ, ತಿಂಗಳೊಳಗೆ ಒಣಗುತ್ತದೆ. ಅಷ್ಟರಲ್ಲಿ ಉಗುರುದ್ದದ ಸೀಗಡಿಗಳು ಹುಟ್ಟಿ, ಬೆಳೆದು, ಕೆಸರಿನಲ್ಲಿ ಮೊಟ್ಟೆ ಬಿಟ್ಟು ಸಾಯುತ್ತವೆ. ಆ ಮೊಟ್ಟೆಗಳು ಒಣಮಣ್ಣಿನಲ್ಲಿ ಎಷ್ಟೋ ವರ್ಷ ಕಾಯಬಲ್ಲವು. ಕಾಲೇಜಿನಲ್ಲಿ ಇವನ್ನು ಫೇರಿ ಶ್ರಿಂಪ್ ಎನ್ನುತ್ತಿದ್ದರು. ಫೇರಿ ಎಂದರೆ ದೇವತೆಯೋ ದೆವ್ವವೋ, ಪರೀಕ್ಷೆಯಲ್ಲಿ ಏನು ಬರೆದೆನೋ ನೆನಪಿಲ್ಲ. ಬೆನ್ನು ಕೆಳಗೆ ಮಾಡಿ, ಹನ್ನೊಂದು ಜೊತೆ ಕಾಲು ಬೀಸುತ್ತ ಈಜುವುದರಿಂದ ನನ್ನ ಹೆಂಡತಿ ಸಣ್ಣೀರಮ್ಮ ಅಂಗಾತ ಸೀಗಡಿ ಎಂದಳು. ನನಗೆ ಅದೇ ಸರಿ.

ಜಾತಿ ಗುರುತಿಸಲು ಹೆಣ್ಣನ್ನು ನೋಡಿ ಫಲವಿಲ್ಲ. ಮೊಟ್ಟೆಚೀಲದ ಉದ್ದ ಒಂದೊಂದರಲ್ಲಿ ಒಂದೊಂದು ಥರ. ಗಂಡಿನ ತಲೆ ನೋಡಬೇಕು. ಅಲ್ಲಿ ಹೆಣ್ಣನ್ನು ಹಿಡಿಯಲು ಎರಡು ಕೊಂಬುಗಳಿವೆ, ತುದಿಯಲ್ಲಿ ಕತ್ತರಿಯ ಹಾಗೆ ಸೀಳಿರುತ್ತವೆ. ಎಲ್ಲೆಡೆ ಸಿಗುವ ಜಾತಿಯಲ್ಲಿ ಆ ಕತ್ತರಿಯ ಬುಡಕ್ಕೆ ಒಂದೇ ಹಲ್ಲು. ನಮ್ಮದಕ್ಕೆ ಎರಡು. ಆದರೆ ಆ ಎರಡನೆಯದು ಮೂಡುವುದು ಮಳೆ ಬಿದ್ದ ಹನ್ನೆರಡನೇ ದಿನ. ಅದಕ್ಕೆ ಮೊದಲು ಎಲ್ಲವೂ ಎಳೆ ಹುಡುಗರ ಮುಖದಂತೆ ಒಂದೇ. ನಾನು ಆತುರಪಟ್ಟಾಗಲೆಲ್ಲ ಸಣ್ಣೀರಮ್ಮ ಮಸೂರ ಕಿತ್ತುಕೊಂಡು ಹೇಳುತ್ತಿದ್ದಳು: “ಅವಸರ ಯಾಕ್ರೀ, ಮೀಸೆ ಬರ್ಲಿ. ಮದ್ವೆ ದಿನ ನಿಮ್ಗೂ ಇರ್ಲಿಲ್ಲ, ಎಂಥೋರೋ ಅಂತ ನಂಗೂ ಗೊತ್ತಾಗ್ಲಿಲ್ಲ.”

ಹೊಂಡಗಳ ಜೀವಿಗಳನ್ನು ಪಟ್ಟಿಮಾಡುವ ಸರ್ಕಾರಿ ಗಣತಿಯವರು ಮಾತ್ರ ಪ್ರತಿ ಸಲವೂ ಐದನೇ ದಿನ ಬಂದರು. ‘ಸಾಮಾನ್ಯ ಜಾತಿ’ ಎಂದು ಬರೆದುಕೊಂಡರು. ಸಾಮಾನ್ಯವಾದರೆ ಹೊಂಡಕ್ಕೆ ಮಳೆಹೊದಿಕೆ ಬೀಳುತ್ತದೆ. ಅದು ಬಂಡೆಯ ಮೇಲೆ ಹಾಸುವ ತೆಳು ಹಾಳೆ. ಬಿದ್ದ ನೀರನ್ನೆಲ್ಲ ಹೀರಿ ಊರಿನ ಕೊಳವೆಗೆ ಬಿಡುತ್ತದೆ. ಆ ನೀರಿನಲ್ಲೇ ನಾನೂ ಸ್ನಾನ ಮಾಡುತ್ತೇನೆ, ಸುಳ್ಳೇಕೆ ಹೇಳಲಿ. ಆದರೆ ಸುತ್ತಲ ನಲವತ್ತು ಬಂಡೆಗಳಿಗೆ ಹೊದಿಸಿಯಾಗಿದೆ, ಇದೊಂದನ್ನು ಬಿಡಿ ಎಂದು ಸಣ್ಣೀರಮ್ಮ ಮೂರು ಅರ್ಜಿ ಬರೆದಳು. ನಾಲ್ಕನೆಯದನ್ನು ಅರ್ಧ ಬರೆದು ತೀರಿಕೊಂಡಳು.

ಈ ಸಲ ಮಳೆ ಬಿದ್ದ ದಿನವೇ ಚಾಪೆ ಹಿಡಿದು ಹತ್ತಿದೆ. ಹೊಂಡದ ಪಕ್ಕ ನಾನೂ ಅಂಗಾತ. ಹನ್ನೆರಡನೇ ದಿನ ಹೊದಿಕೆಯ ಆಳುಗಳೊಂದಿಗೆ ಬಂದ ಗಣತಿಯ ಹುಡುಗಿಗೆ, ನೋಡದೆ ಹಾಸಿದರೆ ನನ್ನ ಮೇಲೇ ಹಾಸಿ ಎಂದೆ. ಆಕೆ ಮಂಡಿಯೂರಿ ಮಸೂರದಲ್ಲಿ ಬಹಳ ಹೊತ್ತು ನೋಡಿದಳು. “ಎರಡು ಹಲ್ಲಿದಾವೆ, ತಾತ. ಆದ್ರೆ ನಮೂನೆಯಲ್ಲಿ ಐದನೇ ದಿನ ಕಂಡದ್ದನ್ನೇ ಬರೀಬೇಕು ಅಂತ ಇದೆ” ಎಂದಳು. ಆಳುಗಳು ನನ್ನನ್ನು ಚಾಪೆ ಸಮೇತ ಎತ್ತಿ ಪಕ್ಕಕ್ಕಿಟ್ಟರು.

ಹೊಂಡದ ಹಳೆಯ ಮಣ್ಣನ್ನೂ ಕಚೇರಿಗೆ ಒಪ್ಪಿಸಬೇಕೆಂದು ಆದೇಶವಿತ್ತು. ಒಪ್ಪಿಸಿದ್ದೇನೆ. ಎರಡು ಚೀಲ, ನಮ್ಮ ಕರಿಬೇವಿನ ಗಿಡದ ಬುಡದ ಮಣ್ಣು. ರಸೀದಿಯೂ ಇದೆ. ಹೊಂಡದ್ದರಲ್ಲಿ ಒಂದಿಷ್ಟನ್ನು ಹೋದ ಬೇಸಿಗೆಯಲ್ಲೇ ಕೆರೆದಿಟ್ಟಿದ್ದೆ. ಅದು ನಿಮ್ಮ ಕೈಯಲ್ಲಿದೆ.

ದೇರ್‌ಫೋರ್, ನನ್ನ ಕೋರಿಕೆ ಇಷ್ಟು. ಅಗಲದ ಪಾತ್ರೆಯಲ್ಲಿ ಮಣ್ಣು ಹರಡಿ ಮಳೆನೀರು ಹಾಕಿ. ಕೊಳವೆಯ ನೀರು ಬೇಡ. ಬಿಸಿಲು ಬೀಳುವಲ್ಲಿ ಇಡಿ. ಮೊಟ್ಟೆಗಳೆಲ್ಲ ಒಂದೇ ಸಲ ಒಡೆಯುವುದಿಲ್ಲ. ಮೊದಲ ನೀರಿಗೆ ಏನೂ ಕಾಣದಿದ್ದರೆ ಒಣಗಿಸಿ ಮತ್ತೆ ನೆನೆಸಿ. ಇವಕ್ಕೆ ನಾನು ಹೆಸರಿಟ್ಟಿಲ್ಲ. ಆ ಎರಡು ಹಲ್ಲುಗಳನ್ನು ನಿಮ್ಮ ಕಣ್ಣಾರೆ ನೋಡಿ ನೀವೇ ಇಡಿ. ಅಷ್ಟರೊಳಗೆ ಯಾರಾದರೂ ನಮೂನೆ ಹಿಡಿದು ಬಾಗಿಲಿಗೆ ಬಂದರೆ, ಇನ್ನೂ ಮೀಸೆ ಬಂದಿಲ್ಲ, ಆಮೇಲೆ ಬನ್ನಿ ಎಂದು ಹೇಳಿ ಕಳಿಸಿ.

ಇಂತು,
ಸಣ್ಣೀರಮ್ಮನ ಗಂಡ ಓಬಳಯ್ಯ